ಕೇಳಿಕೊಂಡು ಹೋದ ದಾರಿ

ನಮ್ಮ ಪಾಳ್ಯದಿಂದ ಹಾಲಿನ ಡೈರಿ ಇರುವ ಊರಿಗೆ ಎರಡು ದಾರಿ. ಒಂದು ಜಲ್ಲಿ ರಸ್ತೆ, ಇನ್ನೊಂದು ಗರಸಿನ ದಾರಿ. ಜಲ್ಲಿ ಬೇರೆ, ಗರಸು ಬೇರೆ. ಜೀಪಿನಲ್ಲಿ ಕೂತು ಹೋಗುವವರಿಗೆ ಅದು ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿದವಳು ನಾನು, ನನ್ನ ಸೊಂಟಕ್ಕೆ ಗೊತ್ತು.

ಜಲ್ಲಿ ರಸ್ತೆ ಸರ್ಕಾರದ್ದು. ತೊಂಬತ್ತರ ದಶಕದ ಶುರುವಿನಲ್ಲಿ, ಓಟಿನ ಕಾಲ ಹತ್ತಿರ ಬಂದಾಗ, ಲಾರಿಗಟ್ಟಲೆ ಜಲ್ಲಿ ತಂದು ಸುರಿದರು. ನಮ್ಮ ಕೈಯಲ್ಲೇ ಮಂಕರಿ ಹೊರಿಸಿ ಹರಡಿಸಿದರು. ಮುಂದಿನ ವಾರ ರೋಲರ್ ಬರುತ್ತದೆ, ಅದರ ಹಿಂದೆಯೇ ಟಾರು ಬರುತ್ತದೆ ಎಂದು ಹೇಳಿ ಹೋದವರು ಹೋದರು. ರೋಲರ್ ಬರಲಿಲ್ಲ. ಮುಷ್ಟಿ ಗಾತ್ರದ ಕಲ್ಲುಗಳು ಕಾಲಿಟ್ಟ ಕಡೆಯೆಲ್ಲ ಉರುಳುತ್ತಾ ಹಾಗೇ ಬಿದ್ದುಕೊಂಡವು. ಮೊದಲಿದ್ದ ಮಣ್ಣು ರಸ್ತೆಯೇ ವಾಸಿಯಿತ್ತು. ಅದನ್ನು ಕೆಡಿಸಿ, ಕೆಡಿಸಿದ್ದಕ್ಕೊಂದು ಬೋರ್ಡು ಬೇರೆ ನೆಟ್ಟಿದ್ದರು. ಈ ರಸ್ತೆಯಲ್ಲಿ ಡೈರಿಗೆ ಐದು ಮೈಲಿ, ಗುಡ್ಡ ಸುತ್ತಿಕೊಂಡು ಹೋಗಬೇಕು.

ಗರಸಿನ ದಾರಿ ಎರಡು ಮೈಲಿಯೂ ಇಲ್ಲ. ಗರಸು ಎಂದರೆ ಕೆಂಪು ಮಣ್ಣಿನಲ್ಲಿ ಸಣ್ಣ ಸಣ್ಣ ಕಲ್ಲು ತಾನಾಗಿ ಕಲೆತಿರುವುದು. ಯಾರೂ ಸುರಿದದ್ದಲ್ಲ. ಬಂಡಿ ಚಕ್ರ ಓಡಾಡಿ ಓಡಾಡಿ ಗಟ್ಟಿಯಾದ ನೆಲ ಅದು. ಪಾಳ್ಯದ ಕೊನೆ ಮನೆ ದಾಟಿದರೆ ಹುತ್ರಿದುರ್ಗದ ಬೆಟ್ಟ ಎಡಗಡೆಗೆ ಬರುತ್ತದೆ. ಅಲ್ಲಿಂದ ಇಳಿಜಾರು. ಅಲ್ಲಿ ಮುಂದಿನ ಬ್ರೇಕು ಹಿಡಿಯಬಾರದು. ಒಣಗಿದ ಗರಸಿನ ಮೇಲೆ ಚಕ್ರ ರಾಗಿ ಕಾಳಿನ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಹಿಂದಿನ ಬ್ರೇಕನ್ನೇ ಬಿಟ್ಟು ಬಿಟ್ಟು ಹಿಡಿಯಬೇಕು, ಮೈ ಹಿಂದಕ್ಕೆ ಹಾಕಬೇಕು. ಇಳಿಜಾರು ಮುಗಿದರೆ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಬಂಡಿಯಷ್ಟೇ ಜಾಗ. ಆಮೇಲೆ ಒಂದು ಹಳ್ಳ, ಮಳೆಗಾಲದಲ್ಲಿ ಇಳಿದು ತಳ್ಳಬೇಕು. ಹಳ್ಳ ಹತ್ತಿದರೆ ಕಣಿವೆ ಹೊಲ. ಆ ಹೊಲದ ಮಧ್ಯೆ ಹಾದರೆ ಕೆರೆ ಏರಿ. ಏರಿ ಮೇಲೆ ಕಣ್ಣು ಮುಚ್ಚಿಕೊಂಡು ತುಳಿಯಬಹುದು. ಏರಿ ಮುಗಿದಲ್ಲಿ ಡೈರಿ.

ನಾನು ಹುಟ್ಟಿದ್ದು ಗುಬ್ಬಿ ಕಡೆ. ಅಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಮುಟ್ಟಿ ಏಟು ತಿಂದಿದ್ದೆ. ಇಲ್ಲಿ ಗಂಡನ ಸೈಕಲ್ ಮುಟ್ಟಿದ್ದು ನಲವತ್ತರ ಹತ್ತಿರ ಬಂದ ಮೇಲೆ, ಅದೂ ಬೇರೆ ದಾರಿಯಿಲ್ಲದೆ. ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಕೂತು ಹಾಲು ಕರೆಯುತ್ತಿದ್ದ, ಸೈಕಲ್ ತುಳಿಯಲು ಆಗುತ್ತಿರಲಿಲ್ಲ. ನಮ್ಮದೂ ಸೇರಿ ಆರು ಮನೆಯ ಹಾಲನ್ನು ಅವನೇ ಡೈರಿಗೆ ಹೊರುತ್ತಿದ್ದ. ಆ ಕೆಲಸ ಕೈ ಬಿಟ್ಟರೆ ನಮಗೆ ಬೇರೆ ಗತಿಯಿರಲಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ಸೈಕಲ್ ತಳ್ಳಿಕೊಂಡು ಹೋಗಿ, ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಬಿದ್ದು ಎದ್ದು ಕಲಿತೆ. ಗಂಡಸರ ಸೈಕಲ್, ಮಧ್ಯೆ ಅಡ್ಡ ಕಂಬಿ. ಒಲೆಗೆ ಪುಳ್ಳೆ ಆಯಲು ಬಂದ ಹೆಂಗಸರು ನಿಂತು ನೋಡುತ್ತಿದ್ದರು.

"ಏನವ್ವಾ, ಸರ್ಕಸ್ಸಿಗ್ ಸೇರ್ಕಂತೀಯಾ?" ಎಂದಳು ಒಬ್ಬಳು.

"ಸೇರ್ಕಂತೀನಿ. ನೀನು ಬಾಗ್ಲಾಗ್ ನಿಂತ್ಕಂಡು ಟಿಕೀಟ್ ಹರಿಯೀವಂತೆ ಬಾ" ಎಂದೆ.

ಗಂಡ ಹೇಳಿದ್ದು ಒಂದೇ ಮಾತು. "ಬಿದ್ರೆ ಹಾಲ್ ಚೆಲ್ಬುಟ್ಟೀಯ, ಹುಷಾರು." ನಾನು ಬೀಳುವುದು ಅವನಿಗೆ ಲೆಕ್ಕಕ್ಕಿರಲಿಲ್ಲ. ಇರಲಿ.

ಈಗ ಕಣಿವೆ ಹೊಲದ ವಿಷಯ. ಆ ಹೊಲದ ಯಜಮಾನ ವಯಸ್ಸಾದ ಮನುಷ್ಯ, ನಾನು ಅಣ್ಣ ಎನ್ನುತ್ತಿದ್ದೆ. ಬೆಳಿಗ್ಗೆ ಎದ್ದರೆ ಹೊಲದ ಗುಡಿಸಲ ಮುಂದೆ ಬೀಡಿ ಹಚ್ಚಿ ಕೂತಿರುತ್ತಿದ್ದ. ನಾನು ಹಳ್ಳ ಹತ್ತಿದ ಕೂಡಲೇ ಕೂಗುತ್ತಿದ್ದೆ. "ಅಣ್ಣಾ, ಹಿಂಗೇ ಹೋಗ್ಲಾ?" ಅವನು ಕೂತಲ್ಲಿಂದಲೇ, "ಹೋಗವ್ವ ಹೋಗು, ಹುಷಾರಾಗ್ ಹೋಗು" ಎನ್ನುತ್ತಿದ್ದ. ದಿನವೂ ಇಷ್ಟೇ ಮಾತು. ಅವನು ಒಂದು ದಿನವೂ ಬೇಡ ಎಂದವನಲ್ಲ, ನಾನು ಒಂದು ದಿನವೂ ಕೇಳದೆ ಹೋದವಳಲ್ಲ.

ಇದು ನಮ್ಮ ಕಡೆಯ ನಡತೆ. ಇನ್ನೊಬ್ಬರ ಹೊಲದೊಳಗೆ ದಾರಿ ಇರಲಿ, ಬಾವಿ ಇರಲಿ, ಮುನೇಶ್ವರನ ಕಲ್ಲೇ ಇರಲಿ, ಹೊಲದವರು ಕಣ್ಣಿಗೆ ಬಿದ್ದರೆ ಒಂದು ಮಾತು ಕೇಳಿಕೊಂಡೇ ಕಾಲಿಡುವುದು. ಬಂಡಿ ಹೊಡೆಯುವವನೂ ಕೇಳುತ್ತಾನೆ, ಸೊಪ್ಪು ಮಾರುವವಳೂ ಕೇಳುತ್ತಾಳೆ. ಕೇಳದೆ ಮುಖ ತಿರುಗಿಸಿಕೊಂಡು ಹೋದರೆ ಇವನೇನೋ ಕದಿಯಲು ಬಂದಿದ್ದಾನೆ ಎಂದು ಅರ್ಥ. ದಾರಿ ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಗಂಡನ ಅಜ್ಜನ ಕಾಲದಲ್ಲೂ ಅದೇ ದಾರಿಯಲ್ಲಿ ಬಂಡಿ ಓಡಿದೆ. ಬಂಡೆಯ ಮೇಲೆ ಚಕ್ರದ ಗೀರು ಬೆರಳು ಇಳಿಯುವಷ್ಟು ಆಳ ಇದೆ, ಬೇಕಾದವರು ಹೋಗಿ ಮುಟ್ಟಿ ನೋಡಲಿ.

ಅಣ್ಣ ತೀರಿಕೊಂಡ ಮೇಲೆ ಹೊಲಕ್ಕೆ ಮಗ ನಿಂತ. ನನ್ನನ್ನು ಅತ್ತೆ ಎನ್ನುತ್ತಿದ್ದ. ಒಂದೆರಡು ವರ್ಷ ಅವನೊಂದಿಗೂ ಅದೇ ಮಾತು. "ಹೋಗ್ಲಾ ಮಗಾ?" "ಹೋಗತ್ತೆ." ಆಮೇಲೆ ಬೋರ್‌ವೆಲ್ ಕೊರೆಸಿದ, ತೆಂಗಿನ ಸಸಿ ನೆಟ್ಟ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷ ಆಗಿರಬೇಕು. ಒಂದು ದಿನ ಹಳ್ಳ ಹತ್ತಿ ನೋಡುತ್ತೇನೆ, ಕಲ್ಲು ಕಂಬ ನೆಟ್ಟು ತಂತಿ ಬೇಲಿ ಎಳೆದಿದ್ದಾನೆ. ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು. ಅವನು ಆಚೆ ಕಡೆ ನಿಂತಿದ್ದ.

"ಅತ್ತೆ, ಇನ್ಮ್ಯಾಲ್ ಈ ಕಡೆ ಬ್ಯಾಡ. ಸಸಿ ಹಾಳಾಯ್ತವೆ."

"ನಾನೇನ್ ಸಸಿ ಮ್ಯಾಲ್ ಸೈಕಲ್ ಹತ್ತುಸ್ತೀನೇನ್ಲಾ?"

"ಇವತ್ತು ನಿನ್ ಸೈಕ್ಲು, ನಾಳೆ ಇನ್ನೊಬ್ಬಂದು ಟ್ರ್ಯಾಕ್ಟ್ರು."

"ಬಂಡಿದಾರಿ ಕಣ್ಲಾ ಇದು. ನಿಮ್ಮಪ್ಪ ಒಂದಿನಾನಾದ್ರೂ ಬ್ಯಾಡ ಅಂದಿದ್ನಾ?"

"ನಮ್ಮಪ್ಪ ಬುಡ್ತಿದ್ದ. ನಾನ್ ಬುಡಾಕಿಲ್ಲ."

ಅವನ ತಾಯಿ, ನಾನು ಅತ್ತಿಗೆ ಎನ್ನುವವಳು, ಗುಡಿಸಲ ಮುಂದೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ನಾನು ಸೈಕಲ್ ತಿರುಗಿಸಿದೆ.

ಅಂದಿನಿಂದ ಜಲ್ಲಿ ರಸ್ತೆಯೇ ಗತಿಯಾಯಿತು. ಅದರ ಮೇಲೆ ಸೈಕಲ್ ಹೊಡೆಯುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ, ಬಿದ್ದು ಬಿದ್ದು ತಿಳಿದುಕೊಂಡೆ. ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಿಸಿದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ. ಅರ್ಧ ಗಾಳಿ ಇಳಿಸಿದರೆ ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ, ಆದರೆ ಪಂಚರ್ ಜಾಸ್ತಿ. ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಬೀಳುತ್ತೀರಿ, ಸಡಿಲ ಬಿಡಬೇಕು. ನಿಲ್ಲಿಸಿದರೆ ಮತ್ತೆ ಹೊರಡಲಾಗುವುದಿಲ್ಲ. ಇಷ್ಟೆಲ್ಲ ತಿಳಿದಿದ್ದರೂ ತಿಂಗಳಿಗೆ ಎರಡು ಸಲ ಬೀಳುತ್ತಿದ್ದೆ. ಮೊಣಕಾಲಿನ ಗುರುತು ಈಗಲೂ ಇದೆ.

ನಾನು ಬೀಳುವುದು ಹಾಗಿರಲಿ, ಹಾಲಿನ ಗತಿ ಬೇರೆಯೇ ಆಯಿತು. ಕ್ಯಾನಿನೊಳಗೆ ಹಾಲು ಐದು ಮೈಲಿ ಕುಲುಕಿದರೆ ಕಡೆದಂತಾಗುತ್ತದೆ. ಮುಚ್ಚಳ ತೆಗೆದರೆ ಮೇಲೆ ಬೆಣ್ಣೆಯ ಕಾಳು ತೇಲುತ್ತಿರುತ್ತವೆ. ಬೆಣ್ಣೆ ಬೇರೆಯಾದ ಮೇಲೆ ಕೆಳಗಿನ ಹಾಲಿನಲ್ಲಿ ಫ್ಯಾಟು ಎಲ್ಲಿಂದ ಬರಬೇಕು? ಡೈರಿಯ ಸೆಕ್ರೆಟರಿ ಅಳತೆ ಹಿಡಿದು ನಕ್ಕ.

"ಅಮ್ಮೋ, ಇದುನ್ನ ಹಾಲು ಅಂತ ಬರೀಲಾ, ಮಜ್ಜಿಗೆ ಅಂತ ಬರೀಲಾ?"

"ನೀನೊಂದಿನ ಆ ರಸ್ತೇಲಿ ಬಂದು ನೋಡು, ನಿನ್ ಹೊಟ್ಟೇಲಿರೋದೂ ಮಜ್ಜಿಗೆ ಆಯ್ತದೆ" ಎಂದೆ.

ಕ್ಯೂನಲ್ಲಿದ್ದವರು ನಕ್ಕರು. ನಕ್ಕರೇನು, ಹಾಲು ವಾಪಸ್ ಬಂತು. ಕ್ಯಾನನ್ನು ಕಂಠದವರೆಗೆ ತುಂಬಿದೆ, ಬಾಳೆ ಎಲೆ ಮಡಿಸಿ ಒಳಗೆ ಇಟ್ಟೆ, ಗೋಣಿ ಸುತ್ತಿದೆ. ಸ್ವಲ್ಪ ವಾಸಿಯಾಯಿತು. ಆದರೆ ಡೈರಿ ಬೆಳಿಗ್ಗೆ ಏಳು ಗಂಟೆಗೆ ಮುಚ್ಚುತ್ತದೆ. ಐದು ಮೈಲಿ ತಳ್ಳಿಕೊಂಡು ತುಳಿದುಕೊಂಡು ಹೋಗುವಷ್ಟರಲ್ಲಿ ಎಷ್ಟೋ ದಿನ ಹಾಲಿನ ಗಾಡಿ ಹೊರಟುಹೋಗಿರುತ್ತಿತ್ತು. ಆರು ಮನೆಯಲ್ಲಿ ಇಬ್ಬರು, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ, ಮೊಪೆಡ್ ಇಟ್ಟುಕೊಂಡವನೊಬ್ಬನಿಗೆ ಹಾಲು ಕೊಡತೊಡಗಿದರು. ಬೇಜಾರು ಮಾಡಿಕೊಳ್ಳದೆ ಏನು ಮಾಡಲಿ? ಗರಸಿನ ದಾರಿ ತೆರೆಯದಿದ್ದರೆ ವರ್ಷದೊಳಗೆ ನನ್ನ ಸೈಕಲ್ ಗೋಡೆಗೆ ಒರಗುತ್ತದೆ ಎಂದು ಗೊತ್ತಾಯಿತು. ಗಂಡ ಅಷ್ಟು ಹೊತ್ತಿಗೆ ಪೂರ್ತಿ ಹಾಸಿಗೆ ಹಿಡಿದಿದ್ದ, ಮಗಳು ಇನ್ನೂ ಓದುತ್ತಿದ್ದಳು.

ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದೆ. ಅಷ್ಟರಲ್ಲಿ ಸಾಕ್ಷರತೆಯ ಕಲಿಕೆ ಮುಗಿಸಿ ಅಕ್ಷರ ಕೂಡಿಸಿ ಓದುವುದು, ಸಹಿ ಮಾಡುವುದು ಬರುತ್ತಿತ್ತು. ಅರ್ಜಿ ಬರೆಯುವವನಿಗೆ ನಾನೇ ಹೇಳಿ ಬರೆಸಿದೆ: ಬಂಡಿದಾರಿ ಮುಚ್ಚಿದ್ದಾನೆ, ತೆಗೆಸಿಕೊಡಿ. ಮೂರು ಸಲ ಅಲೆದ ಮೇಲೆ ಕಚೇರಿಯಿಂದ ಇಬ್ಬರು ಜೀಪಿನಲ್ಲಿ ಬಂದರು. ಒಬ್ಬರು ದೊಡ್ಡವರು, ಇನ್ನೊಬ್ಬರು ಬರೆದುಕೊಳ್ಳುವವರು. ಕಣಿವೆ ಹೊಲದಲ್ಲೇ ಮಹಜರು. ಜಾಗದಲ್ಲೇ ನಿಂತು, ಊರವರನ್ನು ಕೇಳಿ, ಬರೆದು, ಸಹಿ ತೆಗೆದುಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ಕೂರಲು ಕುರ್ಚಿ ಯಾರ ಮನೆಯದು? ಬೇಲಿ ಹಾಕಿದವನ ಮನೆಯದು. ಕುಡಿಯಲು ಎಳನೀರು ಯಾರದು? ಅವನದೇ. ನನ್ನ ಹತ್ತಿರ ಇದ್ದದ್ದು ಒಂದು ಚೊಂಬು ಮಜ್ಜಿಗೆ. ಯಾರೂ ಮುಟ್ಟಲಿಲ್ಲ.

ಊರಿನ ನಕಾಶೆ ತಂದಿದ್ದರು. ಬಟ್ಟೆಗೆ ಅಂಟಿಸಿದ ಹಳೇ ಕಾಗದ. ಜೀಪಿನ ಮುಂಭಾಗದ ಮೇಲೆ ಬಿಡಿಸಿ ಹಾಸಿದರು. ನಾನೂ ಬಗ್ಗಿ ನೋಡಿದೆ. ಕೆರೆ ಇತ್ತು, ಬೆಟ್ಟ ಇತ್ತು, ನಮ್ಮ ಪಾಳ್ಯ ಇತ್ತು. ಪಾಳ್ಯದಿಂದ ಹಳ್ಳದವರೆಗೆ ಜೋಡಿ ಚುಕ್ಕಿ ಗೆರೆ, ಬಂಡಿದಾರಿಯ ಗುರುತು ಎಂದರು. ಕೆರೆ ಏರಿಯಿಂದ ಮುಂದೆ ಮತ್ತೆ ಗೆರೆ. ಮಧ್ಯದಲ್ಲಿ ಕಣಿವೆ ಹೊಲ ಬರುವ ಕಡೆ ನಕಾಶೆ ಮಡಿಸುವ ಜಾಗ. ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ, ಕಾಗದ ಸವೆದು ಬಟ್ಟೆಯ ದಾರ ಕಾಣುತ್ತಿತ್ತು.

"ಇಲ್ಲಿ ಏನೂ ಕಾಣ್ತಿಲ್ಲವಲ್ಲಮ್ಮ" ಎಂದರು ದೊಡ್ಡವರು.

"ಈ ಕಡೆ ಗೆರೆ ಐತೆ, ಆ ಕಡೆ ಗೆರೆ ಐತೆ. ಮಧ್ಯದಾಗೆ ಬಂಡಿ ಹಾರ್ಕಂಡ್ ಹೋಯ್ತಿತ್ತಾ ಸಾರ್?"

"ಹಾಗೆಲ್ಲ ನಾವು ಅಂದಾಜಿನಲ್ಲಿ ಬರೆಯೋ ಹಂಗಿಲ್ಲ. ಊರವರು ಹೇಳಲಿ."

ಊರವರು ಹೇಳಿದರು. ಮೊದಲು ಬಂಡಿ ಹೊಡೆದು ಮುದುಕನಾದ ನಮ್ಮ ಓಣಿಯ ಹಿರಿಯ ನಿಂತ. ನನ್ನ ಪರವಾಗಿಯೇ ಬಂದವನು. "ನಮ್ಮಪ್ಪನ ಕಾಲ್ದಿಂದ್ಲೂ ಇದೇ ದಾರೀಲಿ ಬಂಡಿ ಹೊಡ್ದಿದೀವಿ ಸ್ವಾಮಿ" ಎಂದ. ನನಗೆ ಎದೆ ಹಗುರವಾಯಿತು. ಆಗ ಬೇಲಿ ಹಾಕಿದವನು ಮುಂದೆ ಬಂದು ಕೇಳಿದ.

"ಮಾವ, ಕೇಳ್ಕಂಡ್ ಹೊಡೀತಿದ್ರಾ, ಕೇಳ್ದೆ ಹೊಡೀತಿದ್ರಾ?"

ಮುದುಕನಿಗೆ ಸಿಟ್ಟು ಬಂತು. "ಕೇಳ್ದೆ ನುಗ್ಗಾಕೆ ನಾವೇನ್ ದರೋಡೆಕೋರರೇನ್ಲಾ? ನಿಮ್ಮ ತಾತನ್ನೂ ಕೇಳಿದೀವಿ, ನಿಮ್ಮಪ್ಪನ್ನೂ ಕೇಳಿದೀವಿ. ಒಂದಿನಾನೂ ಕೇಳ್ದೆ ಎತ್ತಿನ ಕಾಲ್ ಇಡ್ಸಿಲ್ಲ!"

ಬರೆದುಕೊಳ್ಳುವವರು ಬರೆದುಕೊಂಡರು.

ಸೊಪ್ಪು ಮಾರುವವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ನಾನ್ ಬರೀ ಕೇಳೋದಲ್ಲ ಸಾಮಿ, ಹೋಗೋವಾಗ ಒಂದ್ ಕಟ್ಟು ದಂಟಿನ್ ಸೊಪ್ಪೂ ಕೊಟ್ಬುಟ್ ಹೋಯ್ತಿದ್ದೆ. ಸುಳ್ಳಾದ್ರೆ ಇವ್ನ ಅವ್ವನ್ನೇ ಕೇಳಿ." ಅವಳಿಗೆ ತಾನು ನನಗೆ ಸಹಾಯ ಮಾಡುತ್ತಿದ್ದೇನೆ ಎಂಬ ಖುಷಿ. ಎಲ್ಲರೂ ಹೀಗೆಯೇ. ತಮ್ಮ ಮರ್ಯಾದೆ ಉಳಿಯಲಿ ಎಂದು ಒಬ್ಬೊಬ್ಬರೂ ಎದೆ ತಟ್ಟಿಕೊಂಡು, ನಾವು ಕೇಳಿಕೊಂಡೇ ಹೋದವರು ಎಂದರು.

ಕಡೆಗೆ ಅವನು ನನ್ನ ಕಡೆ ತಿರುಗಿದ. "ಅತ್ತೆ, ದೇವ್ರಾಣೆ ಹೇಳು. ನೀನು ದಿನಾ ಕೇಳ್ಕಂಡ್ ಹೋಯ್ತಿದ್ಯೋ ಇಲ್ವೋ?"

ಆಗ ನನಗೆ ಅರ್ಥವಾಯಿತು, ಇವನು ಎಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದಾನೆ ಎಂದು. ಅರ್ಥವಾದರೆ ಏನು? ಇಲ್ಲ ಎನ್ನಲೇ? ಹದಿಮೂರು ವರ್ಷ ಅವರಪ್ಪನನ್ನು ದಿನವೂ ಕೂಗಿ ಕೇಳಿದವಳು, ಸತ್ತವನ ಮೇಲೆ ಸುಳ್ಳು ಹೇಳಲೇ?

"ಕೇಳ್ದೆ" ಎಂದೆ. "ಕೇಳ್ದೆ, ಇನ್ನೇನು? ಮನುಷ್ರು ಕೂತವ್ರೆ, ಮಾತಾಡುಸ್ದೆ ಹೋಗಾಕೆ ನಾನೇನ್ ದನವಾ? ಅದು ದಾರಿ ಕೇಳಿದ್ದಲ್ಲ ಸಾರ್. ಮರ್ಯಾದೆ ಕೊಟ್ಟಿದ್ದು."

"ಅದೆಲ್ಲ ಸರಿ ತಾಯಿ" ಎಂದರು ದೊಡ್ಡವರು, ಎಳನೀರು ಬುರುಡೆ ಕೆಳಗಿಡುತ್ತಾ. "ಸರ್ಕಾರಿ ದಾರಿಯಾದರೆ ಯಾರಾದರೂ ಒಪ್ಪಿಗೆ ಕೇಳ್ತಾರಾ? ನೀವು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಕೇಳ್ತೀರಾ?"

ಹೊಲದ ಯಜಮಾನರ ಒಪ್ಪಿಗೆಯ ಮೇಲೆ ಊರವರು ಓಡಾಡುತ್ತಿದ್ದರು, ಹಕ್ಕಿನ ದಾರಿಯೆಂದು ಕಂಡುಬರಲಿಲ್ಲ ಎಂದು ಬರೆದರು. ಎಲ್ಲರೂ ಸಹಿ ಹಾಕಿದರು. ನಾನೂ ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿದೆ. ನಾವು ಹೇಳಿದ್ದೇ ಇತ್ತು, ಒಂದು ಸುಳ್ಳೂ ಇರಲಿಲ್ಲ. ಸಹಿ ಹಾಕಿದೆ. ಅದು ನಾನು ಮಾಡಿದ ತಪ್ಪು. ಹಾಕದೆ ಎದ್ದು ಬರಬೇಕಿತ್ತು. ಅಷ್ಟು ದೂರದಿಂದ ಬಂದಿದ್ದಾರೆ, ಇಲ್ಲ ಎನ್ನಬಾರದು ಎಂದುಕೊಂಡೆ. ಅದೂ ಮರ್ಯಾದೆಯೇ. ನಮ್ಮ ಮರ್ಯಾದೆಯನ್ನೇ ಹಗ್ಗ ಮಾಡಿ ನಮ್ಮ ಕೈ ಕಟ್ಟಿದರು ಎಂಬ ಉರಿ ಇವತ್ತಿಗೂ ಆರಿಲ್ಲ. ಕೆಟ್ಟ ಮಾತಾಡಿ ಸೋತಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಆಮೇಲೆ ಐದು ವರ್ಷ ಜಲ್ಲಿ. ಇಬ್ಬರು ಹೋದವರ ಹಿಂದೆ ಇನ್ನೊಬ್ಬರು ಹೋದರು. ಮೂರು ಮನೆ ಉಳಿಯಿತು. ಬೆಳಗಾಗುವ ಮೊದಲೇ ಹೊರಟು, ಬಗ್ಗಿಸಿದ ಬೆನ್ನು ಎತ್ತದೆ ತುಳಿದೆ. ಮಗಳ ಓದು ಮುಗಿದು ತುಮಕೂರಿನ ಸದಾಶಿವನಗರಕ್ಕೆ ಮದುವೆಯಾಯಿತು. ಅಳಿಯ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುತ್ತಾನೆ. ಬಂದು ಇಲ್ಲೇ ಇರು ಎಂದರು. ಹಸು ಯಾರು ನೋಡುತ್ತಾರೆ, ಮಲಗಿದವನನ್ನು ಯಾರು ಎತ್ತುತ್ತಾರೆ? ಹೋಗಲಿಲ್ಲ.

ಎರಡು ಸಾವಿರದ ದಶಕದ ಕೊನೆಯಲ್ಲಿ ಒಂದು ಭಾನುವಾರ. ಜಲ್ಲಿ ರಸ್ತೆಯಲ್ಲಿ ಅರ್ಧ ದಾರಿಗೆ ಬಂದಿದ್ದೆ. ಎದುರಿಗೆ ಏಳೆಂಟು ಜನ, ತಲೆಗೆ ಬುಟ್ಟಿಯಂಥ ಟೋಪಿ, ಮೈಗಂಟಿದ ಬಟ್ಟೆ, ದಪ್ಪ ಟೈರಿನ ಸೈಕಲ್ಲುಗಳು. ಒಂದು ಸೈಕಲ್ ಪಂಚರ್ ಆಗಿ ಮಲಗಿತ್ತು. ಒಬ್ಬಳು ಹುಡುಗಿ ನನ್ನ ಕ್ಯಾನು ನೋಡಿ ಕಣ್ಣರಳಿಸಿದಳು.

"ಅಜ್ಜಿ, ನೀವು ಈ ರೋಡಲ್ಲಿ ಸೈಕಲ್ ಹೊಡೀತೀರಾ?"

"ಹೊಡೀದೆ? ಸೈಕಲ್ಲನ್ನ ತಲೆ ಮ್ಯಾಲ್ ಹೊತ್ಕಂಡ್ ಹೋಗ್ಲಾ?"

"ಸೂಪರ್ ಅಜ್ಜಿ! ಟಾರ್ ಇಲ್ಲದ ರೋಡ್ ಹುಡುಕ್ಕೊಂಡು ಬೆಂಗಳೂರಿಂದ ಬಂದಿದ್ದೀವಿ ನಾವು."

ನಾನು ಸೈಕಲ್ಲಿನಿಂದ ಇಳಿದೇ ಬಿಟ್ಟೆ. ಟಾರು ಬೇಕೆಂದು ನಾವು ಎಷ್ಟು ಜನರ ಕಾಲು ಹಿಡಿದಿದ್ದೇವೆ. ಇವರು ಟಾರು ಇಲ್ಲದಿರುವುದನ್ನು ಹುಡುಕಿಕೊಂಡು ಬರುತ್ತಾರಂತೆ, ರಜದ ದಿನ, ಖುಷಿಗೆ! ಮೊಣಕಾಲಿಗೆ ಕಟ್ಟಿಕೊಳ್ಳಲು ಮೆತ್ತೆ ಬೇರೆ. ಗುಂಪಿನಲ್ಲಿ ನರೆತ ಗಡ್ಡದವನೊಬ್ಬ ಪಂಚರ್ ಹಾಕುತ್ತಾ, ಜಲ್ಲಿಯ ಮೇಲೆ ಗಾಳಿ ಕಡಿಮೆ ಇಟ್ಟರೆ ಗ್ರಿಪ್ಪು ಜಾಸ್ತಿ ಸಿಗುತ್ತೆ ಅಮ್ಮ ಎಂದು ನನಗೆ ಪಾಠ ಹೇಳಿದ. ಹೂಂ ಎಂದೆ. ಆಮೇಲೆ ಅವನೇ ಕೇಳಿದ, ಇಷ್ಟು ಕಲ್ಲಿಲ್ಲದ ಮಣ್ಣಿನ ದಾರಿ ಇಲ್ಲೆಲ್ಲಾದರೂ ಇದೆಯೇ ಎಂದು.

"ಐತೆ. ಈ ತೋಪು ಬಳಸ್ಕಂಡು ಇಳುದ್ರೆ ಹಳ್ಳ ಸಿಕ್ತದೆ, ಅದ್ರಾಚೆ. ಒಬ್ಬ ಗೇಟ್ ಹಾಕವ್ನೆ."

"ಬೀಗ ಹಾಕಿದ್ದಾರಾ?"

"ಇಲ್ಲ. ಬರೀ ಕೊಂಡಿ."

"ಮತ್ತೇನು?" ಎಂದ ಅವನು, ಪಂಪು ಮಡಿಸಿ ಚೀಲಕ್ಕೆ ಹಾಕುತ್ತಾ.

ಐದು ವರ್ಷದಲ್ಲಿ ಆ ಕೊಂಡಿಗೆ ನಾನು ಕೈ ಹಾಕಿರಲಿಲ್ಲ. ಬೇಡ ಎಂದ ಮೇಲೆ ಮುಗಿಯಿತು ಎಂದುಕೊಂಡಿದ್ದೆ. ಇವರಿಗೆ ಬೀಗ ಇಲ್ಲ ಎಂದರೆ ದಾರಿ ಇದೆ ಎಂದೇ ಅರ್ಥ. ಸಾಲಾಗಿ ಹೊರಟರು. ನಾನೂ ಹಿಂದೆ ಹೊರಟೆ. ಹಳ್ಳ ಹತ್ತಿದರು, ಕೊಂಡಿ ಎತ್ತಿದರು, ಗೇಟು ನೂಕಿದರು, ನುಗ್ಗಿದರು. ಒಬ್ಬನೂ ಯಾರನ್ನೂ ಕೇಳಲಿಲ್ಲ. ಪಂಪ್‌ಸೆಟ್ ಹತ್ತಿರ ಬೇಲಿ ಹಾಕಿದವನು ನಿಂತಿದ್ದ. ಕೈ ಎತ್ತಿ, ಹಲ್ಲು ಬಿಟ್ಟು, "ಬನ್ನಿ ಸಾರ್ ಬನ್ನಿ, ಎಳನೀರ್ ಕುಡ್ಕಂಡ್ ಹೋಗಿ" ಎಂದ. ಎಲ್ಲರ ಹಿಂದೆ ನನ್ನ ಕ್ಯಾನು ಕಂಡಿತು. ಹಲ್ಲು ಒಳಗೆ ಹೋಯಿತು. ಅವರ ಎದುರು ಬೈಯಲು ಆಗಲಿಲ್ಲ. ನಾನು ತುಳಿದುಕೊಂಡು ಹೋದೆ. ಡೈರಿ ತಲುಪಿದಾಗ ಆರೂ ಮುಕ್ಕಾಲು. ಮುಚ್ಚಳ ತೆಗೆದರೆ ಹಾಲು ಹಾಲಾಗಿತ್ತು.

ಮಾರನೇ ದಿನ ಸೋಮವಾರ, ಕೊಂಡಿ ಎತ್ತಿ ಒಬ್ಬಳೇ ಹೋದೆ. ಓಡಿ ಬಂದು ಸೈಕಲ್ಲಿಗೆ ಅಡ್ಡ ನಿಂತ.

"ಏನತ್ತೆ, ಕೇಳ್ದೆ ನುಗ್ತಿದೀಯಲ್ಲ?"

"ಅವ್ರು ಕೇಳಿದ್ರಾ?"

"ಅವ್ರು ಒಂದಿನ ಬಂದ್ ಹೋಗೋರು."

"ನಾನು ದಿನಾ ಬಂದ್ ಹೋಗೋಳು. ಪಕ್ಕುಕ್ ಸರೀಲಾ."

ಆ ದಾರಿಯಲ್ಲಿ ನಾನು ಅವನೊಂದಿಗೆ ಆಡಿದ ಕೊನೆಯ ಮಾತು ಅದು. ಮಂಗಳವಾರ ಬೀಗ ಹಾಕಿದ. ಕ್ಯಾನು ಬಿಚ್ಚಿ ತಂತಿಯ ಕೆಳಗೆ ದಾಟಿಸಿದೆ, ಸೈಕಲ್ ಮಲಗಿಸಿ ಎಳೆದುಕೊಂಡೆ, ನಾನೂ ತೆವಳಿದೆ. ಸೀರೆ ಹರಿಯಿತು. ಅವನು ನೋಡುತ್ತಾ ನಿಂತಿದ್ದ. ಒಂದು ಮಾತೂ ಆಡಲಿಲ್ಲ ನಾನು. ವಾರ ಪೂರ್ತಿ ಹೀಗೇ. ಭಾನುವಾರ ಬೆಂಗಳೂರಿನವರು ಮತ್ತೆ ಬಂದು, ಬೀಗ ನೋಡಿ, ಬೇರೆ ಕಡೆ ತಿರುಗಿಕೊಂಡು ಹೋದರು. ಅವನು ಅವರಿಗೆ ಮಾರಲೆಂದು ಕೊಚ್ಚಿ ಇಟ್ಟ ಎಳನೀರು ಹಾಗೇ ಬಿಸಿಲಿಗೆ ಬಿತ್ತು. ಮಾರನೇ ದಿನ ಬೀಗ ಇರಲಿಲ್ಲ. ನನ್ನ ಅರ್ಜಿಗೆ ತೆರೆಯದ ಗೇಟು ಅವರ ಬಾಯಾರಿಕೆಗೆ ತೆರೆಯಿತು.

ಆಮೇಲೆ ಅವರು ಗುಂಪು ಗುಂಪಾಗಿ ಬಂದರು. ಬಂಡೆಯ ಮೇಲೆ ಬಿಳೀ ಬಣ್ಣದಲ್ಲಿ ಬಾಣದ ಗುರುತು ಬರೆದರು. ಆ ಹುಡುಗಿ ಒಂದು ಕಾಗದ ತೋರಿಸಿದಳು, ಕಂಪ್ಯೂಟರಿನಲ್ಲಿ ತೆಗೆಸಿದ್ದು. ನಮ್ಮ ಪಾಳ್ಯ, ಹಳ್ಳ, ಕಣಿವೆ ಹೊಲ, ಕೆರೆ ಏರಿ, ಉದ್ದಕ್ಕೂ ಕೆಂಪು ಗೆರೆ. ಎಲ್ಲೂ ಕಡಿದಿರಲಿಲ್ಲ. ದಾರಿಗೆ ಇಂಗ್ಲಿಷಿನಲ್ಲಿ ಒಂದು ಹೆಸರೂ ಇಟ್ಟಿದ್ದರಂತೆ. ಇಡುವ ಮೊದಲು ಊರಿನ ಒಬ್ಬರನ್ನೂ ಕೇಳಿರಲಿಲ್ಲ. ಒಂದು ಕಾಗದ ಇಸಿದುಕೊಂಡು ಕಚೇರಿಗೆ ಹೋದೆ. ಹಿಂದೆ ಬಂದಿದ್ದವರು ವರ್ಗವಾಗಿದ್ದರು. ಹೊಸಬರು ತಿರುಗಿಸಿ ನೋಡಿ, "ಇದು ಸರ್ಕಾರಿ ದಾಖಲೆ ಅಲ್ಲಮ್ಮ" ಎಂದರು.

"ಮಹಜರ್ನಾಗೆ ಇನ್ನೊಂದು ಸಾಲು ಬರ್ಕಳಿ. ಈಗ ಕೇಳ್ದೆ ಓಡಾಡ್ತಾವ್ರೆ ಅಂತ."

"ಅಂಗೆಲ್ಲ ಬರೆಯಕ್ಕಾಗಲ್ಲ. ಓಡಾಡ್ತಿದ್ದೀರಲ್ಲ, ಓಡಾಡ್ಕೊಂಡಿರಿ."

ಬರೆಯದಿದ್ದರೆ ಬೇಡ. ಪಾಳ್ಯದಲ್ಲಿ ಒಬ್ಬೊಬ್ಬರಿಗೂ ಹೇಳಿದೆ. ಆ ಹೊಲದಾಗೆ ಕಾಲಿಟ್ಟ ಮೇಲೆ ಅವನನ್ನು ಮಾತಾಡಿಸಬೇಡಿ, ಏರಿ ಹತ್ತುವವರೆಗೆ ಬಾಯಿ ಬಿಡಬೇಡಿ, ಬಿಟ್ಟರೆ ಅದನ್ನೂ ಒಪ್ಪಿಗೆ ಕೇಳಿದ್ದು ಎಂದಾರು. ಬಂಡಿ ಹೊಡೆಯುವ ಮುದುಕ ಕಷ್ಟಪಟ್ಟ. "ಅವ್ನು ಮಾವ ಅಂತಾನೆ, ನಾನು ಮುಖ ತಿರುಗ್ಸೋದೆಂಗವ್ವಾ?" ಎಂದ. ಹಂಗಾದರೆ ಜಲ್ಲಿ ಮೇಲೆ ಹೊಡಿ ಎಂದೆ. ಮುಖ ತಿರುಗಿಸಿದ. ಸೊಪ್ಪಿನವಳು ಸೊಪ್ಪಿನ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು. ಊರೊಳಗೆ, ಮದುವೆಯಲ್ಲಿ, ಡೈರಿಯ ಕ್ಯೂನಲ್ಲಿ ಅವನೊಂದಿಗೆ ಮೊದಲಿನ ಹಾಗೇ ಮಾತು. ಹೊಲದ ದಾರಿಯಲ್ಲಿ ಮಾತ್ರ ಇಲ್ಲ. ನಲವತ್ತು ಮನೆಯ ಜನ ಒಂದು ಹೊಲ ದಾಟುವಾಗ ಮೂಗರಾದೆವು. ನನಗೆ ಇದು ಗೆದ್ದಂತೆ ಅನಿಸಲಿಲ್ಲ. ಒಳ್ಳೆಯ ನಡತೆ ಬಿಟ್ಟರೆ ಮಾತ್ರ ದಾರಿ ಕೊಡುತ್ತೇವೆ ಎನ್ನುವವರಿಗೆ ನಾನು ಯಾಕೆ ಕೈ ಮುಗಿಯಲಿ?

ಆ ವರ್ಷವೇ ಅವನ ತಾಯಿ ತೀರಿಕೊಂಡಳು. ಡೈರಿಗೆ ಹಾಲು ಹಾಕಿ, ಕ್ಯಾನು ತೊಳೆದು, ಅಲ್ಲಿಂದಲೇ ಅವರ ಮನೆಗೆ ಹೋದೆ. ಅತ್ತಿಗೆಗೆ ಸ್ನಾನ ಮಾಡಿಸಲು ಕೈ ಕೊಟ್ಟೆ, ಅರಿಶಿನ ಹಚ್ಚಿದೆ, ಅವನ ಬೆನ್ನು ಸವರಿ, ಅಳಬೇಡ ಮಗಾ ಎಂದೆ. ಹೂಳಲು ತಂದದ್ದು ಕಣಿವೆ ಹೊಲಕ್ಕೇ. ಮಣ್ಣು ಹಾಕಿ ಎಲ್ಲರೂ ತಿರುಗಿದ ಮೇಲೆ ನಾನು ಬೇಲಿಗೆ ಒರಗಿಸಿದ್ದ ಸೈಕಲ್ ತೆಗೆದುಕೊಂಡೆ. ಅವನು ಹಿಂದೆಯೇ ಬಂದ. ತಲೆ ಮೇಲೆ ಟವೆಲು, ಕೈಯಲ್ಲಿ ಮಣ್ಣು.

"ಹೊಂಟ್ಯಾ ಅತ್ತೆ?" ಎಂದ.

"ಹೋಗ್ಲಾ ಮಗಾ?" ಎಂಬ ಹಳೇ ಮಾತು ನಾಲಿಗೆ ತುದಿಗೆ ಬಂತು. ಆ ಮಹಜರಿನ ಕಾಗದದಲ್ಲಿ ನನ್ನ ಸಹಿ ಇನ್ನೂ ಇದೆ. ಅದನ್ನು ತಂದು ನನ್ನ ಎದುರು ಹರಿದು ಹಾಕಿದ ದಿನ ಮಾತಾಡುತ್ತೇನೆ ಎಂದುಕೊಂಡು, ಬಾಯಿ ಮುಚ್ಚಿಕೊಂಡು ಸೈಕಲ್ ಹತ್ತಿದೆ.